‘ಡಂಕರ್ಕ್’ ಮುಗಿದ ಮೇಲೆ ಅಪ್ಪ ಬೀರುವಿನಿಂದ ವಾಚು ತೆಗೆದರು

ಅಮಾನಿಕೆರೆ ಏರಿ
ಭಾನುವಾರ, ರಾತ್ರಿ 10:50

ಸಿನಿಮಾ ಮುಗೀತು. ಅಪ್ಪ ಏನೂ ಮಾತಾಡದೆ ಎದ್ದು ಹೋಗಿ ಬೀರು ಬಾಗಿಲು ತೆಗೆದರು. ಮಡಿಸಿಟ್ಟ ಪಂಚೆಗಳ ಕೆಳಗಿಂದ ಹಳೇ ಎಚ್‌ಎಂಟಿ ವಾಚೊಂದನ್ನು ತಂದು, ಹತ್ತು ಹನ್ನೆರಡು ಸಲ ಕೀ ಕೊಟ್ಟು, ಚೆನ್ನಾಗಿ ಕೇಳಿಸುವ ಬಲಗಿವಿಗೆ ಹಿಡಿದು ಕೂತರು. ಆಮೇಲೆ ನನ್ನ ಕಿವಿಗೆ ಹಿಡಿದರು. "ಇಡೀ ಪಿಚ್ಚರ್‌ನಲ್ಲಿ ಇದೇ ಓಡ್ತಿತ್ತು. ಆ ಹುಡುಗ ರೈಲಲ್ಲಿ ನಿದ್ದೆ ಹೋದ ನೋಡು, ಅಲ್ಲಿ ನಿಲ್ತು" ಅಂದರು.

ನಾನು ಗಮನಿಸಿರಲಿಲ್ಲ. ತಮ್ಮ ಆ ಭಾಗವನ್ನು ಹಿಂದಕ್ಕೆ ಹಾಕಿ ತೋರಿಸಿದ. ನಿಜ. ಅಲ್ಲಿಯವರೆಗೂ ಸಂಗೀತದ ಒಳಗೆಲ್ಲೋ ಟಿಕ್ ಟಿಕ್ ಅನ್ನುತ್ತಲೇ ಇದ್ದದ್ದು ಅಲ್ಲಿ ಇಲ್ಲ. ನನಗೆ ಎದೆಯಿಂದ ಏನೋ ಇಳಿಸಿದ ಹಾಗೆ ಆಗಿತ್ತು, ಯಾಕೆ ಅಂತ ಗೊತ್ತಾಗಿರಲಿಲ್ಲ.

ನಾನು ವರ್ಷಕ್ಕೆ ಮೂರೋ ನಾಲ್ಕೋ ಸಿನಿಮಾ ನೋಡೋಳು, ಯುದ್ಧದ್ದಂತೂ ಹತ್ತಿರ ಸೇರಿಸಲ್ಲ. ಇವತ್ತು ಊಟ ಆದಮೇಲೆ ಬೆಂಗಳೂರಿಂದ ಬಂದಿದ್ದ ತಮ್ಮ ಕ್ರಿಸ್ಟೋಫರ್ ನೋಲನ್ ಅವರ ‘ಡಂಕರ್ಕ್’ ಹಾಕಿದ. 2017ರದ್ದು. ಪಾತ್ರೆ ತೊಳೆಯೋಕೆ ಏಳಬೇಕು ಅಂದುಕೊಂಡವಳು ಏಳಲೇ ಇಲ್ಲ.

ಕಥೆ ಇಷ್ಟೇ. 1940ರ ಮೇ ಕೊನೆ. ಬ್ರಿಟಿಷ್, ಫ್ರೆಂಚ್, ಬೆಲ್ಜಿಯಂ ಸೈನಿಕರು ಸೋತು ಫ್ರಾನ್ಸಿನ ಉತ್ತರ ತುದಿಯ ಡಂಕರ್ಕ್ ಕಡಲ ದಂಡೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಮೂರು ಕಡೆಯಿಂದ ಜರ್ಮನರು, ಎದುರಿಗೆ ಸಮುದ್ರ. ಹಡಗು ಬರಬೇಕು. ಅಲ್ಲಿಯವರೆಗೆ ಸಾಲಿನಲ್ಲಿ ನಿಂತಿರಬೇಕು. ಯುದ್ಧದ ಸಿನಿಮಾದಲ್ಲಿ ಇಷ್ಟು ಜನ ಇಷ್ಟು ಹೊತ್ತು ಕಾಯುತ್ತಾ ನಿಂತಿರೋದನ್ನು ನಾನು ನೋಡಿಯೇ ಇರಲಿಲ್ಲ.

ಮೊದಲ ಅರ್ಧ ಗಂಟೆ ತಲೆ ಕೆಟ್ಟುಹೋಯಿತು. ಒಂದು ಕಡೆ ಹಗಲು, ಮರುಕ್ಷಣ ಕತ್ತಲು. ಹಡಗು ಮುಳುಗಿ ಒಬ್ಬನೇ ಬದುಕುಳಿದ ಸೈನಿಕನೊಬ್ಬ ಇಂಗ್ಲೆಂಡಿನ ಪುಟ್ಟ ದೋಣಿಗೆ ಹತ್ತುತ್ತಾನೆ, ನಡುಗುತ್ತಾ ಮೂಲೆಯಲ್ಲಿ ಮುದುಡಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ಅದೇ ಮನುಷ್ಯ ರಾತ್ರಿ ಹೊತ್ತು ಇನ್ನೊಂದು ದೋಣಿಯಲ್ಲಿ ನೆಟ್ಟಗೆ ನಿಂತು, ನೀರಲ್ಲಿರುವ ಹುಡುಗರಿಗೆ ಸಮಾಧಾನವಾಗಿ ಮಾತು ಹೇಳ್ತಾ ಇದ್ದಾನೆ! ಆಗ ಹೊಳೆಯಿತು, ಇದು ಮೊದಲು ನಡೆದದ್ದು. ದಂಡೆಯ ಕಥೆ ಒಂದು ವಾರದ್ದು, ದೋಣಿಯದ್ದು ಒಂದು ದಿನದ್ದು, ವಿಮಾನದ್ದು ಒಂದೇ ಗಂಟೆಯದ್ದು. ಮೂರನ್ನೂ ಜಡೆ ಹೆಣೆದ ಹಾಗೆ ಹೆಣೆದಿದ್ದಾರೆ. ಅಷ್ಟು ಧೈರ್ಯವಾಗಿದ್ದವನು ಒಂದೇ ದಿನದಲ್ಲಿ ಹಾಗೆ ಮುದುಡಿ ಕೂತ ಅನ್ನೋದು ಅರ್ಥ ಆದಾಗ ಬಹಳ ಸಂಕಟ ಆಯ್ತು.

ಇನ್ನೊಂದು ಮನಸ್ಸಿನಲ್ಲೇ ಉಳಿದಿದೆ. ಹೇಗೋ ಹಡಗು ಹತ್ತಿದ ಹುಡುಗರಿಗೆ ಕೆಳಗಿನ ಅಂತಸ್ತಿನಲ್ಲಿ ಟೀ ಕೊಡ್ತಾರೆ, ಬ್ರೆಡ್ಡಿಗೆ ಜಾಮ್ ಸವರಿ ಕೊಡ್ತಾರೆ. ಎಷ್ಟು ಹಸಿವಿನಿಂದ ತಿಂತಾರೆ! ಮೇಲಿನಿಂದ ಬಾಗಿಲು ಹಾಕಿಕೊಳ್ಳುತ್ತೆ. ನನ್ನ ಕಣ್ಣು ಆ ಬಾಗಿಲ ಮೇಲೇ ಇತ್ತು. ಆಮೇಲೆ ಟಾರ್ಪಿಡೊ, ಕತ್ತಲು, ನೀರು.

ನೋಡಿದವರು ನಿಮಗೆ ಏನನ್ನಿಸಿತು ಬರೀರಿ. ಅಪ್ಪ ಕೆಲಸ ಮಾಡಿದ್ದ ನಮ್ಮ ತುಮಕೂರಿನ ಹಳೇ ಎಚ್‌ಎಂಟಿ ವಾಚ್ ಫ್ಯಾಕ್ಟರಿಯವರು ಯಾರಾದರೂ ನೋಡಿದ್ದರೆ ಅವರ ಮಾತು ಕೇಳೋಕೆ ಅಪ್ಪ ಕಾಯ್ತಾ ಇದ್ದಾರೆ.

———

ಕ್ಯಾತ್ಸಂದ್ರದ ಹುಡುಗ
ಭಾನುವಾರ, ರಾತ್ರಿ 11:20

ಅಕ್ಕ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಅದು ನಿಜವಾಗಿಯೂ ವಾಚೇ! ನೋಲನ್ ಹತ್ತಿರ ಜೋರಾಗಿ ಟಿಕ್ ಟಿಕ್ ಅನ್ನುವ ಒಂದು ವಾಚ್ ಇತ್ತು. ಅದರ ಸದ್ದನ್ನು ರೆಕಾರ್ಡ್ ಮಾಡಿ ಸಂಗೀತ ನಿರ್ದೇಶಕ ಹಾನ್ಸ್ ಜಿಮ್ಮರ್‌ಗೆ ಕಳಿಸಿದರು. ಅದರ ಮೇಲೇ ಸಂಗೀತ ಕಟ್ಟಿದ್ದು.

ಇನ್ನೊಂದು ವಿಷಯ. ಸ್ವರ ಏರ್ತಾನೇ ಇರುತ್ತೆ, ಎಲ್ಲೂ ಮುಟ್ಟಲ್ಲ ಅಂತ ಅನ್ನಿಸಿರಬೇಕಲ್ವಾ? ಅದಕ್ಕೆ ಶೆಪರ್ಡ್ ಟೋನ್ ಅಂತಾರೆ. ಒಂದೇ ಸ್ವರವನ್ನು ಬೇರೆ ಬೇರೆ ಸ್ಥಾಯಿಯಲ್ಲಿ ಒಟ್ಟಿಗೆ ಏರಿಸ್ತಾ ಹೋಗೋದು. ಮೇಲಿನದು ನಿಧಾನಕ್ಕೆ ಅಡಗುತ್ತೆ, ಅಷ್ಟರಲ್ಲಿ ಕೆಳಗಿಂದ ಹೊಸದೊಂದು ಸೇರಿಕೊಳ್ಳುತ್ತೆ. ಕಿವಿಗೆ ಮೆಟ್ಟಿಲು ಮುಗಿಯೋದೇ ಇಲ್ಲ. ಮೂರು ಕಥೆಗಳನ್ನೂ ಅದೇ ಥರ ಹೆಣೆದಿದೀನಿ ಅಂತ ನೋಲನ್ನೇ ಹೇಳಿದಾರೆ. ಮೂರು ಆಸ್ಕರ್ ಬಂತು. ಸಂಕಲನಕ್ಕೆ ಒಂದು, ಶಬ್ದಕ್ಕೇ ಎರಡು.

2017ರ ಜುಲೈನಲ್ಲಿ ನಾನು ಡಿಪ್ಲೊಮಾ ಓದ್ತಿದ್ದೆ. ಬೆಂಗಳೂರಿಗೆ ಹೋಗಿ ದೊಡ್ಡ ಪರದೆಯಲ್ಲಿ ನೋಡಿ, ರಾತ್ರಿ ರೈಲಿಗೆ ವಾಪಸ್ ಬಂದಿದ್ದೆ. ಜರ್ಮನರ ಸ್ಟೂಕಾ ವಿಮಾನ ಕೆಳಕ್ಕೆ ಎರಗುವಾಗ ಕೂಗುತ್ತಲ್ಲ, ಅದು ಸಿನಿಮಾದವರು ಹುಟ್ಟಿಸಿದ್ದಲ್ಲ. ಚಕ್ರದ ಕಾಲಿಗೆ ಗಾಳಿಗೆ ತಿರುಗುವ ಸೈರನ್ ಕಟ್ಟಿರ್ತಿದ್ದರು, ಕೆಳಗಿರೋರನ್ನು ಹೆದರಿಸೋಕಂತಲೇ. ಥಿಯೇಟರಲ್ಲಿ ಆ ಸದ್ದಿಗೆ ನಾನು ಸೀಟಿನಲ್ಲೇ ತಲೆ ತಗ್ಗಿಸಿದ್ದೆ. ಟಿವಿಯಲ್ಲಿ ನೋಡಿದವರು ಒಮ್ಮೆ ಒಳ್ಳೇ ಹೆಡ್‌ಫೋನ್ ಹಾಕಿಕೊಂಡು ನೋಡಿ, ದಯವಿಟ್ಟು.

———

ತಿಪಟೂರು ತೆಂಗು
ಸೋಮವಾರ, ಬೆಳಿಗ್ಗೆ 7:15

ನನಗೆ ಹಿಡಿಸಲಿಲ್ಲ, ಕಾರಣ ಹೇಳ್ತೀನಿ. ಆ ಹುಡುಗನ ಊರು ಯಾವುದು, ಮನೇಲಿ ಯಾರಿದ್ದಾರೆ, ಯಾರಿಗೋಸ್ಕರ ಬದುಕಿ ಹೋಗಬೇಕು? ಒಂದೂ ಹೇಳಲ್ಲ. ಗೊತ್ತಿಲ್ಲದವನಿಗೋಸ್ಕರ ಹೇಗೆ ಅಳೋದು?

1990ರಲ್ಲಿ ರಾಜೇಂದ್ರ ಸಿಂಗ್ ಬಾಬು ಅವರ ‘ಮುತ್ತಿನ ಹಾರ’ ನಮ್ಮಪ್ಪನ ಜೊತೆ ನೋಡಿದ್ದೆ. ಅಲ್ಲಿ ಸೈನಿಕನ ಹಿಂದೆ ಹೆಂಡತಿ ಇದ್ದಳು, ಮನೆ ಇತ್ತು, ಕೊಡಗಿತ್ತು. ವಿಷ್ಣುವರ್ಧನ್ ಮುಖ ನೋಡಿದರೆ ಸಾಕು, ಅವನು ಏನು ಕಳ್ಕೊಳ್ತಾ ಇದ್ದಾನೆ ಅಂತ ನಮಗೆ ಗೊತ್ತಾಗ್ತಿತ್ತು. ಯುದ್ಧ ಅಂದ್ರೆ ಮನೆಯೊಳಗೆ ಆಗುವ ನಷ್ಟ. ಡಂಕರ್ಕಿನಲ್ಲಿ ಮನೆಯೇ ಇಲ್ಲ. ತಾಂತ್ರಿಕವಾಗಿ ದೊಡ್ಡ ಕೆಲಸ, ಒಪ್ಪಿದೆ. ಕರುಳಿಗೆ ತಾಕಲಿಲ್ಲ.

———

ಅಮಾನಿಕೆರೆ ಏರಿ
ಸೋಮವಾರ, ಬೆಳಿಗ್ಗೆ 8:40

@ತಿಪಟೂರು ತೆಂಗು ಅಣ್ಣ, ಅರ್ಧ ಗಂಟೆ ಕಳೆದರೂ ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಬೇರೆ ಯೋಚನೆ ಬಂತು. ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿದ್ದ ಹುಡುಗ ತಲೆ ಸುತ್ತಿ ಬಿದ್ದರೆ ಯಾವೂರು ಅಂತ ಕೇಳಿ ಆಮೇಲೆ ನೀರು ಕೊಡ್ತೀವಾ? ನನಗೆ ಆ ಹುಡುಗನ ಹೆಸರು ಸಿನಿಮಾ ಮುಗಿದರೂ ಗೊತ್ತಿರಲಿಲ್ಲ. ಆದರೆ ಅವನು ಬಾಯಾರಿ, ಯಾರ ಮನೆಯದೋ ತೋಟದ ರಬ್ಬರ್ ಪೈಪಿಗೆ ಬಾಯಿ ಹಚ್ಚುತ್ತಾನಲ್ಲ, ಆಗಲೇ ನಮ್ಮ ಮನೆ ಹುಡುಗನಾದ.

ಮನೆಯೇ ಇಲ್ಲ ಅಂದಿರಿ. ಆ ದೋಣಿಯೇ ಮನೆ ಅಲ್ವಾ? ಮೈಮೇಲೆ ಸ್ವೆಟರು ಹಾಕಿಕೊಂಡ ನಡುವಯಸ್ಸಿನ ಮನುಷ್ಯ, ಮಗ, ಮಗನ ಗೆಳೆಯ. ನಡುಗುವ ಸೈನಿಕ ವಾಪಸ್ ಹೋಗೋಣ ಅಂತ ಗಲಾಟೆ ಮಾಡಿದಾಗ ತಳ್ಳಾಟದಲ್ಲಿ ಆ ಗೆಳೆಯ ಬಿದ್ದು ತಲೆಗೆ ಏಟಾಗುತ್ತೆ. ಕಣ್ಣು ಕಾಣಿಸ್ತಿಲ್ಲ ಅಂತಾನೆ, ಕೊನೆಗೆ ಪ್ರಾಣವೇ ಹೋಗುತ್ತೆ. ಆ ಸೈನಿಕ "ಹುಡುಗ ಹೇಗಿದ್ದಾನೆ" ಅಂತ ಕೇಳ್ತಾನೆ. ಮಗ ಒಂದು ಕ್ಷಣ ಸುಮ್ಮನಿದ್ದು, ಚೆನ್ನಾಗಿದ್ದಾನೆ ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾನೆ. ಅಪ್ಪ ಮಗನ ಮುಖ ನೋಡಿ ತಲೆಯಾಡಿಸ್ತಾನೆ, ಅಷ್ಟೇ. ಅಲ್ಲಿ ನಾನು ಅತ್ತೆ. ಆ ಸುಳ್ಳು ಹೇಳೋಕೆ ಹದಿಹರೆಯದ ಹುಡುಗನಿಗೆ ಎಷ್ಟು ದೊಡ್ಡ ಮನಸ್ಸು ಬೇಕು!

———

ಶಿರಾ ಕೋಟೆ
ಸೋಮವಾರ, ಮಧ್ಯಾಹ್ನ 1:30

ನಾನು ಇತಿಹಾಸ ಪಾಠ ಮಾಡುವವಳು. ಸಿನಿಮಾ ನನಗೂ ಇಷ್ಟ. ಆದರೆ ಅದರಲ್ಲಿ ಇಲ್ಲದ್ದನ್ನೂ ಹೇಳಬೇಕು ಅನ್ನಿಸಿತು.

ಆ ಕಾರ್ಯಾಚರಣೆಯ ಹೆಸರು ಡೈನಮೊ. 1940ರ ಮೇ 26ರಿಂದ ಜೂನ್ 4ರವರೆಗೆ ನಡೆಯಿತು. ಶುರುವಿನಲ್ಲಿ 45,000 ಜನ ಬಂದರೆ ಹೆಚ್ಚು ಅಂದುಕೊಂಡಿದ್ದರು, ಕೊನೆಗೆ ದಾಟಿ ಬಂದವರು 3,38,226. ಪುಟ್ಟ ದೋಣಿಗಳ ಕಥೆ ನಿಜ. ಆದರೆ ಮರಳ ದಂಡೆಯಿಂದ ಹತ್ತಿಸಿದ್ದು ಸುಮಾರು 98,000 ಜನರನ್ನು. ಉಳಿದ 2,39,000 ಜನ ಬಂದದ್ದು ಬಂದರು ಮತ್ತು ಆ ಉದ್ದನೆಯ ಅಲೆತಡೆ ಗೋಡೆಯ ಮೇಲಿಂದ. ಹಡಗು ಕಟ್ಟುವುದಕ್ಕೆಂದು ಕಟ್ಟಿದ ಗೋಡೆಯೇ ಅಲ್ಲ ಅದು. ಮೇಲೆ ಕಿರಿದಾದ ಕಾಲುದಾರಿ ಇತ್ತು. ಆ ಗೋಡೆ ಹೋದರೆ ಎಲ್ಲವೂ ಹೋಯಿತು ಅನ್ನುವ ಭಯವನ್ನು ಸಿನಿಮಾ ಚೆನ್ನಾಗಿ ಹಿಡಿದಿದೆ. ದಾಟಿದವರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಫ್ರೆಂಚರಿದ್ದರು. ಎಲ್ಲರೂ ಹಡಗು ಹತ್ತಲಿ ಅಂತ ಹಿಂದೆ ನಿಂತು ಜರ್ಮನರನ್ನು ತಡೆದು, ಕೊನೆಗೆ ತಾವೇ ಸೆರೆಯಾದ ಫ್ರೆಂಚರು ಇನ್ನೂ ಹತ್ತಾರು ಸಾವಿರ. ಅವರಿಗೆ ಸಿನಿಮಾದಲ್ಲಿ ಸಿಕ್ಕ ಜಾಗ ಕಡಿಮೆ.

ಇನ್ನು ನಮ್ಮವರು. ಆ ದಂಡೆಯಲ್ಲಿ ಭಾರತೀಯ ಸೈನಿಕರಿದ್ದರು. ಕೆ-6 ಅನ್ನುವ ಪಡೆ, ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್‌ನ ಹೇಸರಗತ್ತೆ ಕಂಪನಿಗಳು. 1939ರ ಡಿಸೆಂಬರಿನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವರು. ಬಹುಪಾಲು ಪಂಜಾಬಿನ ಮುಸಲ್ಮಾನರು. ಹಿಮದಲ್ಲಿ, ಕೆಸರಿನಲ್ಲಿ ಲಾರಿ ಹೋಗದ ಕಡೆ ಸಾಮಾನು ಸಾಗಿಸುವುದಕ್ಕೆ ಅವರನ್ನು ಕರೆಸಿದ್ದರು. ಒಂದು ಕಂಪನಿ ಇಡೀ ಜರ್ಮನರ ಕೈಗೆ ಸಿಕ್ಕಿತು. ಡಂಕರ್ಕಿನಿಂದ ದಾಟಿದವರು ಮುನ್ನೂರರಷ್ಟು. ಹೇಸರಗತ್ತೆಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಸಿನಿಮಾದ ದಂಡೆಯಲ್ಲಿ ಇವರಲ್ಲಿ ಒಬ್ಬರ ಮುಖವೂ ಇಲ್ಲ. ಕಥೆ ಬೇಡ, ಸಾಲಿನಲ್ಲಿ ಒಬ್ಬ ಪೇಟದವನು ನಿಂತಿದ್ದರೂ ಸಾಕಿತ್ತು. ಕ್ಲಾಸಿನಲ್ಲಿ ಈ ವಿಷಯ ಹೇಳಿದಾಗ ಮಕ್ಕಳು ನಂಬುವುದೇ ಇಲ್ಲ, "ಸಿನಿಮಾದಲ್ಲಿ ಇಲ್ವಲ್ಲಾ ಮೇಡಂ" ಅಂತಾರೆ. ನನ್ನ ನೋವು ಅದೇ.

———

ಮಧುಗಿರಿ ಬೆಟ್ಟ
ಸೋಮವಾರ, ರಾತ್ರಿ 9:05

ಮೇಡಂ ಬರೆದದ್ದನ್ನು ಮೂರು ಸಲ ಓದಿದೆ. ನಾನು ಅದೇ ಕೋರ್‌ನವನು. ಈಗ ಅದನ್ನು ಆರ್ಮಿ ಸರ್ವೀಸ್ ಕೋರ್ ಅಂತೀವಿ. ಬೆಂಗಳೂರಿನ ಸೆಂಟರ್‌ನಲ್ಲಿ ಟ್ರೈನಿಂಗ್ ಮಾಡಿ, ಅನಿಮಲ್ ಟ್ರಾನ್ಸ್‌ಪೋರ್ಟಿನಲ್ಲಿ ಸರ್ವೀಸ್ ಮುಗಿಸಿದೆ. ಅಲ್ಲಿ ಹೇಸರಗತ್ತೆ ಅನ್ನಲ್ಲ, ಖಚ್ಚರ್ ಅಂತಲೇ ಕರೆಯೋದು. ಕೆ-6 ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಸಿನಿಮಾ ಬೇರೆ ಕಣ್ಣಲ್ಲಿ ನೋಡ್ತಿದ್ದೆ.

ಖಚ್ಚರ್ ಬಿಟ್ಟು ಬರೋದು ಅಂದ್ರೆ ಏನು ಅಂತ ಹೇಳ್ತೀನಿ. ಪ್ರತಿಯೊಂದಕ್ಕೂ ಗೊರಸಿನ ಮೇಲೆ ನಂಬರ್ ಇರುತ್ತೆ. ಕಾಗದದಲ್ಲಿ ಅದು ನಂಬರು, ನಮಗೆ ಹೆಸರು. ಬೆಳಿಗ್ಗೆ ಎದ್ದು ಮೊದಲು ಅದಕ್ಕೆ ನೀರು, ಮೇವು, ಮಾಲೀಶು. ಆಮೇಲೆ ನಮ್ಮ ಟೀ. ಜೀನು ಎಳೆದು ಕಟ್ಟುವಾಗ ಒಂದು ಮಡಿಕೆ ಉಳಿದರೂ ಬೆನ್ನು ಗಾಯ ಆಗುತ್ತೆ, ಆಮೇಲೆ ವಾರಗಟ್ಟಲೆ ಹೊರೆ ಹಾಕೋ ಹಾಗಿಲ್ಲ. ಅದಕ್ಕೇ ಕಂಬಳಿ ಮೇಲೆ ಅಂಗೈ ಆಡಿಸಿ ನೋಡ್ತೀವಿ, ಕಣ್ಣು ಮುಚ್ಚಿ. ರಾತ್ರಿ ಹೊತ್ತು ಬೆಟ್ಟದ ಇಕ್ಕಟ್ಟು ದಾರಿಯಲ್ಲಿ ಟಾರ್ಚ್ ಹಾಕೋ ಹಾಗಿಲ್ಲ, ಅದರ ಹಿಂದೆ ಕಾಲಿಡ್ತಾ ಹೋಗ್ತೀವಿ. ಅದು ನಿಂತರೆ ನಾವೂ ನಿಲ್ತೀವಿ, ಮುಂದೆ ಏನೋ ಇದೆ ಅಂತ ಅರ್ಥ. ನಮ್ಮಲ್ಲಿ ಪೆಡೊಂಗಿ ಅಂತ ಒಂದು ಖಚ್ಚರ್ ಹೆಸರು ಎಲ್ಲರಿಗೂ ಗೊತ್ತು. 1971ರಲ್ಲಿ ಶತ್ರು ಕೈಗೆ ಸಿಕ್ಕಿ, ಬೆನ್ನ ಮೇಲಿನ ಹೊರೆ ಸಮೇತ ತಾನೇ ದಾರಿ ಹಿಡಿದು ವಾಪಸ್ ಬಂದದ್ದು. ಅಂಥ ಪ್ರಾಣೀನ ಪರದೇಶದ ಮರಳಲ್ಲಿ ಹಗ್ಗ ಬಿಚ್ಚಿ ಬಿಟ್ಟು ಆ ಹುಡುಗರು ಹೇಗೆ ಹಡಗು ಹತ್ತಿದರೋ.

1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನಾನು ದ್ರಾಸ್ ಕಡೆ ಇದ್ದೆ. ಮೇಲೆ ಹೋಗೋದು ಮದ್ದುಗುಂಡು, ಸೀಮೆಎಣ್ಣೆ, ಶಂಕರ್‌ಪಾಳಿ, ನೀರಿನ ಡಬ್ಬ. ವಾಪಸ್ ಬರುವಾಗ ಏನು ತರ್ತಿದ್ದೆವು ಅನ್ನೋದು ಬರೆಯಲ್ಲ. ನಾನು ಒಂದೇ ಒಂದು ಗುಂಡು ಹಾರಿಸಲಿಲ್ಲ. ರಜಾ ಮೇಲೆ ಊರಿಗೆ ಬಂದಾಗ ಬಸ್ಸಿಳಿದ ಕೂಡಲೇ ಕೇಳಿದ್ದು, "ಎಷ್ಟು ಜನರನ್ನ ಹೊಡೆದೆ?" ಒಬ್ಬರಲ್ಲ, ಹತ್ತು ಜನ ಕೇಳಿದರು. ಇಲ್ಲ ಅಂದ್ರೆ ಮುಖ ಸಣ್ಣ ಮಾಡ್ತಿದ್ದರು. ಮೂರನೇ ದಿನದಿಂದ ಚಾವಡಿ ಕಡೆ ಹೋಗೋದೇ ಬಿಟ್ಟೆ.

ಅದಕ್ಕೇ ಸಿನಿಮಾದ ಕೊನೆ ನನ್ನನ್ನು ಅಲ್ಲಾಡಿಸಿಬಿಟ್ಟಿತು. ರೈಲಿಗೆ ಹೋಗೋ ಹುಡುಗರಿಗೆ ಒಬ್ಬ ಮುದುಕ ಕಂಬಳಿ ಹಂಚ್ತಾ ಭೇಷ್ ಅಂತಾನೆ. ಹುಡುಗ, ನಾವು ಬದುಕಿ ಬಂದ್ವಿ ಅಷ್ಟೇ ಅಂತಾನೆ. ಅಷ್ಟೇ ಸಾಕು ಅಂತಾನೆ ಮುದುಕ. ಮುದುಕ ಕಣ್ಣೆತ್ತಿ ನೋಡ್ಲೇ ಇಲ್ಲ, ನಾಚಿಕೆ ನಮ್ಮ ಬಗ್ಗೆ ಅಂದ್ಕೊಳ್ತಾನೆ ಒಬ್ಬ ಸೈನಿಕ. ಆ ಮುದುಕನಿಗೆ ಕಣ್ಣೇ ಕಾಣಲ್ಲ! ಕೈಯಲ್ಲಿ ಹುಡುಗನ ಮುಖ ಸವರಿ ನೋಡ್ತಾನೆ. ನನ್ನ ಹೆಂಡತಿ ಪಕ್ಕದಲ್ಲಿದ್ದಳು. ಏನೂ ಕೇಳಲಿಲ್ಲ, ಸುಮ್ಮನೆ ನನ್ನ ಕೈ ಹಿಡ್ಕೊಂಡಳು.

———

ಕ್ಯಾತ್ಸಂದ್ರದ ಹುಡುಗ
ಸೋಮವಾರ, ರಾತ್ರಿ 9:40

ಸರ್, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ಆ ಸಿನಿಮಾ ಐದು ಸಲ ನೋಡಿದ್ದೀನಿ, ಪ್ರತಿ ಸಲವೂ ವಿಮಾನದ ಭಾಗಕ್ಕೇ ಕಾಯ್ತಿದ್ದೆ. ಪೆಟ್ರೋಲ್ ಮೀಟರ್ ಒಡೆದ ಮೇಲೆ ಪೈಲಟ್ ಜೊತೆಯವನನ್ನು ಕೇಳಿ ಕೇಳಿ ಎದುರಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೀತಾನಲ್ಲ, ಕೊನೆಗೆ ಇಂಧನ ಮುಗಿದು ಎಂಜಿನ್ ನಿಂತರೂ ದಂಡೆ ಮೇಲೆ ತೇಲಿಕೊಂಡು ಹೋಗ್ತಾನಲ್ಲ, ಅದೇ ನನಗೆ ಇಡೀ ಸಿನಿಮಾ ಆಗಿತ್ತು. ಕಂಬಳಿ ಹಂಚುವ ಅಜ್ಜನಿಗೆ ಕಣ್ಣು ಕಾಣಲ್ಲ ಅನ್ನೋದು ನನಗೆ ಇವತ್ತೇ ಗೊತ್ತಾಗಿದ್ದು. ಈಗ ಹಾಕಿ ನೋಡಿದೆ.

———

ಗುಬ್ಬಿಯಿಂದ
ಸೋಮವಾರ, ರಾತ್ರಿ 10:10

ನಮ್ಮೂರ ಹತ್ತಿರ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಆಗಿದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು. ಹಗುರ ಹೆಲಿಕಾಪ್ಟರ್, ಎತ್ತರದ ಜಾಗಕ್ಕೂ ಹೋಗುವಂಥದ್ದು. ಇನ್ಮೇಲೆ ಖಚ್ಚರ್ ಬೇಕಾಗಲ್ವಾ ಸರ್, ಅಥವಾ ಇನ್ನೂ ಬೇಕಾ? ತಿಳಿದುಕೊಳ್ಳೋ ಆಸೆಯಿಂದ ಕೇಳ್ತಿದ್ದೀನಿ.

———

ಮಧುಗಿರಿ ಬೆಟ್ಟ
ಸೋಮವಾರ, ರಾತ್ರಿ 10:25

@ಗುಬ್ಬಿಯಿಂದ ಮೋಡ ಕವಿದರೆ ಹೆಲಿಕಾಪ್ಟರ್ ಏಳಲ್ಲಪ್ಪ. ಖಚ್ಚರ್ ಮೋಡದೊಳಗೇ ನಡೆಯುತ್ತೆ. ಕಡಿಮೆ ಆಗ್ತಾ ಇವೆ, ನಿಜ. ಡ್ರೋನ್ ಬಂದಿದೆ, ರಸ್ತೆ ಆಗಿದೆ. ನಮ್ಮೂರಿನ ಪಕ್ಕದಲ್ಲೇ ಹೆಲಿಕಾಪ್ಟರ್ ತಯಾರಾಗೋದು ನನಗೆ ಹೆಮ್ಮೆ. ಮೇಲಿರೋ ಹುಡುಗನಿಗೆ ಹೊತ್ತಿಗೆ ಸರಿಯಾಗಿ ಊಟ ಮುಟ್ಟಿದರೆ ಯಾವುದರಲ್ಲಿ ಹೋದರೇನು.

———

ತಿಪಟೂರು ತೆಂಗು
ಮಂಗಳವಾರ, ಬೆಳಿಗ್ಗೆ 6:50

ಮಧುಗಿರಿ ಸರ್, ನಿಮ್ಮ ಊರಿನವರು ಕೇಳಿದ ಪ್ರಶ್ನೆಯನ್ನು ನಾನೂ ಒಬ್ಬರಿಗೆ ಕೇಳಿದ್ದೀನಿ. ನಮ್ಮ ಬೀದಿಯ ಕೊನೇ ಮನೆಯವರಿಗೆ, ನಾನಿನ್ನೂ ಕಾಲೇಜಿಗೆ ಹೋಗ್ತಿದ್ದಾಗ. ಅವರು ನಕ್ಕು ಒಳಗೆ ಹೋಗಿಬಿಟ್ಟರು. ಈಗ ಅವರಿಲ್ಲ. ರಾತ್ರಿಯೆಲ್ಲ ಅದೇ ನೆನಪಾಗ್ತಿತ್ತು.

ಸಿನಿಮಾ ವಿಷಯಕ್ಕೆ ನನ್ನ ಅಭಿಪ್ರಾಯ ಅದೇ. ಆ ಹುಡುಗನ ಮನೆಯನ್ನು ಐದು ನಿಮಿಷ ತೋರಿಸಿದ್ದರೆ ಏನೂ ಕೆಡ್ತಿರಲಿಲ್ಲ. ಆದರೆ ದೋಣಿಯೇ ಮನೆ ಅಂತ ಆ ತಂಗಿ ಹೇಳಿದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

———

ಶಿರಾ ಕೋಟೆ
ಮಂಗಳವಾರ, ಮಧ್ಯಾಹ್ನ 2:00

@ಮಧುಗಿರಿ ಬೆಟ್ಟ ಸರ್, ನಮ್ಮ ಮಕ್ಕಳ ಮುಂದೆ ಒಂದು ಗಂಟೆ ಬಂದು ಮಾತಾಡ್ತೀರಾ? ಗುಂಡು ಹಾರಿಸೋ ವಿಷಯ ಬೇಡ. ಜೀನು ಕಟ್ಟೋದು ಹೇಗೆ, ಕಂಬಳಿಯ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸೋದು ಹೇಗೆ, ಅದನ್ನು ತೋರಿಸಿ. ಕೆ-6 ಪಾಠ ಅವತ್ತೇ ಮಾಡ್ತೀನಿ. ಇದೇ ಸಂದರ್ಭದಲ್ಲಿ ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆಲ್ಲುವಾಗ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿ ಹಿಡಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ವಿಷಯವನ್ನೂ ಸೇರಿಸಬೇಕು ಅಂತಿದ್ದೀನಿ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನ ಪಡೆಯದು ಅಂತ ಮಕ್ಕಳಿಗೆ ಗೊತ್ತಾಗಲಿ.

———

ಮಧುಗಿರಿ ಬೆಟ್ಟ
ಮಂಗಳವಾರ, ಸಂಜೆ 6:15

ಬರ್ತೀನಿ ಮೇಡಂ. ಹಳೇ ಜೀನು ನನ್ನ ಹತ್ತಿರ ಇಲ್ಲ, ಗೋಣಿಚೀಲ, ಹಗ್ಗದಲ್ಲೇ ಕಟ್ಟಿ ತೋರಿಸ್ತೀನಿ.

@ಅಮಾನಿಕೆರೆ ಏರಿ ಅವರೇ, ನಿಮ್ಮ ತಂದೆಯವರಿಗೆ ಒಂದು ಮಾತು. ನನ್ನ ಹತ್ತಿರ ಎಚ್‌ಎಂಟಿ ಜವಾನ್ ಇದೆ, ಸರ್ವೀಸ್ ಸೇರಿದ ಹೊಸದರಲ್ಲಿ ತಗೊಂಡಿದ್ದು. ದ್ರಾಸ್‌ನಲ್ಲಿದ್ದಾಗಲೂ ಕೈಯಲ್ಲಿ ಅದೇ ಇತ್ತು. ರಾತ್ರಿ ಹೊತ್ತು ಖಚ್ಚರ್ ನಿಂತಾಗ, ನಾವೂ ಉಸಿರು ಬಿಗಿ ಹಿಡಿದು ನಿಂತಾಗ, ಅದೊಂದೇ ಸದ್ದು ಕೇಳ್ತಿತ್ತು. ಏಳೆಂಟು ವರ್ಷದಿಂದ ನಿಂತಿದೆ. ಇಬ್ಬರು ರಿಪೇರಿಯವರು ಪಾರ್ಟ್ಸ್ ಸಿಗಲ್ಲ ಅಂದರು.

———

ಅಮಾನಿಕೆರೆ ಏರಿ
ಮಂಗಳವಾರ, ರಾತ್ರಿ 8:30

ಸರ್, ನಿಮ್ಮ ಎರಡೂ ಬರಹಗಳನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಖಚ್ಚರ್ ಭಾಗ ಮತ್ತೊಂದು ಸಲ ಓದಿಸಿಕೊಂಡರು. ಜವಾನ್ ಅಂದ ಕೂಡಲೇ ಎದ್ದು ಕೂತರು. ಕೀ ಕೊಡುವ ಮೆಷಿನ್ನು, ಒಳಗೆ ಹದಿನೇಳು ಜ್ಯೂಯೆಲ್ ಕಲ್ಲು, ಗಂಟೆಗೆ 18,000 ಸಲ ಹೊಡ್ಕೊಳ್ಳುತ್ತೆ, ಅಂದ್ರೆ ಸೆಕೆಂಡಿಗೆ ಐದು ಅಂತ ಬೆರಳು ಮಡಚಿ ಲೆಕ್ಕ ಹೇಳಿದರು. ಜೋಡಣೆ ವಿಭಾಗದಲ್ಲಿದ್ದಾಗ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿನಷ್ಟು ಸಣ್ಣ ಸುರುಳಿಯನ್ನು ಚಿಮಟದಲ್ಲಿ ಹಿಡಿದು ಕೂರಿಸೋವಾಗ ಉಸಿರು ಬಿಡ್ತಾ ಇರಲಿಲ್ಲವಂತೆ. ಹಾಗೆ ಕೂರಿಸಿದ ವಾಚು ಯಾರ ಕೈ ಸೇರ್ತು ಅಂತ ಅವರಿಗೆ ಗೊತ್ತಾಗೋದೇ ಇಲ್ಲವಲ್ಲ. ಇವತ್ತು ಒಬ್ಬರದು ಗೊತ್ತಾಯ್ತು ಅಂದುಕೊಳ್ಳಿ, ಅದು ಅವರೇ ಜೋಡಿಸಿದ್ದೋ ಅಲ್ಲವೋ.

ಒಂದು ಪ್ರಶ್ನೆ ಕೇಳೋಕೆ ಹೇಳಿದ್ದಾರೆ. ಕೀ ಕೊಟ್ಟರೆ ಕೊನೆಯಿಲ್ಲದೆ ತಿರುಗ್ತಾನೇ ಇರುತ್ತಾ, ಅಥವಾ ಒಂದು ಕಡೆ ಬಿಗಿಯಾಗಿ ನಿಲ್ಲುತ್ತಾ?

———

ಮಧುಗಿರಿ ಬೆಟ್ಟ
ಮಂಗಳವಾರ, ರಾತ್ರಿ 8:45

ಬಿಗಿಯಾಗಿ ನಿಲ್ಲುತ್ತೆ.

———

ಅಮಾನಿಕೆರೆ ಏರಿ
ಮಂಗಳವಾರ, ರಾತ್ರಿ 8:50

ಹಾಗಾದರೆ ಸ್ಪ್ರಿಂಗ್ ಮುರಿದಿಲ್ಲ, ಒಳಗೆ ಎಣ್ಣೆ ಒಣಗಿರಬೇಕು, ಪಾರ್ಟ್ಸ್ ಬೇಕಾಗಲ್ಲ ಅಂತಿದ್ದಾರೆ. ಭಾನುವಾರ ಬೆಳಿಗ್ಗೆ ಬೆಳಕು ಚೆನ್ನಾಗಿರೋ ಹೊತ್ತಿಗೆ ತರೋಕೆ ಹೇಳು ಅಂದರು. ಮನೇವ್ರನ್ನೂ ಕರ್ಕೊಂಡು ಬನ್ನಿ ಸರ್, ಊಟ ನಮ್ಮಲ್ಲೇ.